ನಡೆದು ಹೋಗುವಷ್ಟು ದೂರ, ಆದರೆ ಯಾರ ಕಾಲಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಲೇಔಟಿನಲ್ಲಿ ನಾವು ಏಳೆಂಟು ಮನೆಯವರು ಸೇರಿ ನಮ್ಮ ಏರಿಯಾದ ನಡಿಗೆ ನಕ್ಷೆ ಮಾಡಿದೆವು. ಯಾವ ವಯಸ್ಸಿನವರು ಎಲ್ಲಿಯವರೆಗೆ ನಡೆದು ಹೋಗಬಹುದು, ಎಲ್ಲಿ ದಾರಿ ನಿಂತುಹೋಗುತ್ತದೆ ಅಂತ ಗುರುತು ಹಾಕಿದ ನಕ್ಷೆ. ನಮ್ಮಲ್ಲಿ ಯಾರೂ ಇಂಜಿನಿಯರ್ ಅಲ್ಲ. ಒಬ್ಬರು ರಿಟೈರ್ ಆದ ಮೇಷ್ಟ್ರು, ಒಬ್ಬರು ನರ್ಸ್, ಇಬ್ಬರು ಕಾಲೇಜು ಹುಡುಗಿಯರು, ಉಳಿದವರು ನನ್ನಂಥವರು. ಆಮೇಲೆ ಅಕ್ಕಪಕ್ಕದ ಬಡಾವಣೆಯವರು ಬಂದು ಕೇಳಿದ ಪ್ರಶ್ನೆಗಳನ್ನೇ ಮತ್ತೆ ಮತ್ತೆ ಕೇಳಿದರು. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಅಂಗಡಿಗೆ, ಪಾರ್ಕಿಗೆ ನಡೆದು ಹೋಗೋಕೂ ಪ್ಲ್ಯಾನ್ ಬೇಕಾ?

ಬೇಕು. ಮನೆ ಕಟ್ಟುವಾಗ ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ ಅಂತ ಯೋಚನೆ ಮಾಡುತ್ತೇವೆ ಅಲ್ವಾ? ಬಡಾವಣೆಯೂ ಹಾಗೇ. ಹಾಲಿನ ಬೂತು, ರೇಷನ್ ಅಂಗಡಿ, ಅಂಗನವಾಡಿ, ಶಾಲೆ, ಕ್ಲಿನಿಕ್, ಬಸ್ ಸ್ಟಾಪ್, ಪಾರ್ಕು, ಲೈಬ್ರರಿ, ಶೌಚಾಲಯ, ಬ್ಯಾಂಕು. ಇವೆಲ್ಲ ಇದ್ದರೆ ಸಾಲದು, ಅಲ್ಲಿಗೆ ಹೋಗುವ ದಾರಿ ಅದನ್ನು ಬಳಸುವವರ ಕಾಲಿಗೆ ಒಗ್ಗಬೇಕು. ಅಂಗನವಾಡಿ ಬಳಸುವುದು ಮೂರು ವರ್ಷದ ಮಗು. ಕ್ಲಿನಿಕ್ಕಿಗೆ ಜಾಸ್ತಿ ಹೋಗುವುದು ಎಪ್ಪತ್ತು ದಾಟಿದವರು. ಆದರೆ ದಾರಿ ಮಾಡುವಾಗ ಮನಸ್ಸಿನಲ್ಲಿ ಇರುವುದು ಬೈಕ್ ಓಡಿಸುವ ಮೂವತ್ತರ ಗಂಡಸು.

ಎಷ್ಟು ದೂರ ಇದ್ದರೆ ‘ನಡೆಯುವಷ್ಟು ದೂರ’?

ಸಾಮಾನ್ಯವಾಗಿ 400 ಮೀಟರ್ ಅಂದರೆ ಐದು ನಿಮಿಷ, 800 ಅಂದರೆ ಹತ್ತು ನಿಮಿಷ ಅಂತ ಹೇಳುತ್ತಾರೆ. ಇದು ಹಳೆಯ ಲೆಕ್ಕ. ಅಮೆರಿಕದ ನಗರ ಯೋಜಕ ಕ್ಲಾರೆನ್ಸ್ ಪೆರಿ 1929ರಲ್ಲಿ ಒಂದು ನೆರೆಹೊರೆ ಹೇಗಿರಬೇಕು ಅಂತ ಬರೆದಾಗ ಪ್ರಾಥಮಿಕ ಶಾಲೆಯನ್ನು ನಡುವೆ ಇಟ್ಟು, ಸುತ್ತ ಕಾಲು ಮೈಲಿಯ ನಡಿಗೆ ಇಟ್ಟುಕೊಂಡ. ಕಾಲು ಮೈಲಿ ಅಂದರೆ ಅದೇ 400 ಮೀಟರ್.

ಆದರೆ ಐದು ನಿಮಿಷ ಯಾರಿಗೆ? ಗಟ್ಟಿಮುಟ್ಟಾದವರು ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾರೆ. ಅವರಿಗೆ 400 ಮೀಟರ್ ಐದೂವರೆ ನಿಮಿಷ. ಮಂಡಿ ನೋವಿನ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ ಎಂಟು ನಿಮಿಷ ದಾಟುತ್ತದೆ, ಅದೂ ಎಲ್ಲೂ ನಿಲ್ಲದೆ ನಡೆದರೆ. ಮೂರು ವರ್ಷದ ಮಗುವಿಗೆ ಲೆಕ್ಕವೇ ಇಲ್ಲ. ದಾರಿಯಲ್ಲಿ ನಾಯಿಮರಿ ಸಿಕ್ಕರೆ ಅರ್ಧ ಗಂಟೆ.

ಹಾಗಾಗಿ ನಾವು ಮೀಟರ್ ಬಿಟ್ಟು ನಿಮಿಷದಲ್ಲಿ ಬರೆದೆವು. ಅದೂ ಮೂರು ಥರ: ಮಗುವಿನ ನಿಮಿಷ, ದೊಡ್ಡವರ ನಿಮಿಷ, ಅಜ್ಜಿಯ ನಿಮಿಷ. ಒಂದೇ ರಸ್ತೆ ಮೂರು ನಕ್ಷೆಯಲ್ಲಿ ಮೂರು ಉದ್ದ ಕಾಣಿಸಿತು. ಬಡಾವಣೆಯ ಮೀಟಿಂಗಿನಲ್ಲಿ ಅದನ್ನು ಗೋಡೆಗೆ ಅಂಟಿಸಿದಾಗ ಯಾರಿಗೂ ಜಾಸ್ತಿ ವಿವರಿಸಬೇಕಾಗಲಿಲ್ಲ.

ಫೋನಿನ ಮ್ಯಾಪಿನಲ್ಲಿ ಪಾರ್ಕು ಪಕ್ಕದಲ್ಲೇ ಇದೆ. ನಡೆದರೆ ದೂರ ಯಾಕೆ?

ಮಧ್ಯೆ ಏನಿದೆ ನೋಡಿ. ರಾಜಕಾಲುವೆ, ರೈಲು ಹಳಿ, ಗೇಟ್ ಹಾಕಿದ ಅಪಾರ್ಟ್‌ಮೆಂಟು, ರಿಂಗ್ ರೋಡು. ಇದರಲ್ಲಿ ಒಂದಿದ್ದರೂ ಸಾಕು. ಮ್ಯಾಪಿನ ಮೇಲೆ 400 ಮೀಟರಿನ ಸುತ್ತು ಬರೆದರೆ ಸುಮಾರು 50 ಹೆಕ್ಟೇರ್ ಜಾಗ ಒಳಗೆ ಬರುತ್ತದೆ. ನಿಜವಾಗಿ ಕಾಲಿಗೆ ಸಿಗುವುದು ಅದರಲ್ಲಿ ಎಷ್ಟೋ ಕಡಿಮೆ. ನಮ್ಮಲ್ಲಿ ಪಾರ್ಕಿನ ಹಿಂದಿನ ಬೀದಿಯವರ ಅಡುಗೆಮನೆ ಕಿಟಕಿಗೆ ಪಾರ್ಕಿನ ಹೊಂಗೆಮರ ಕಾಣುತ್ತದೆ, ಆದರೆ ಗೇಟು ಆ ಕಡೆ. ಅವರು ಇಡೀ ಪಾರ್ಕು ಸುತ್ತಿ ಬರಬೇಕು. ಇದಕ್ಕೆ ಹೊಸ ಪಾರ್ಕು ಬೇಕಾಗಿಲ್ಲ. ಹಿಂದಿನ ಗೋಡೆಗೆ ಒಂದು ಸಣ್ಣ ಗೇಟು ಸಾಕು.

ಮಾಡಬಹುದಾದ ಕೆಲಸಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಇದೇ: ಎರಡನೇ ಗೇಟು, ಮೋರಿಯ ಮೇಲೊಂದು ಕಾಲುಸಂಕ, ಮುಚ್ಚಿಹೋದ ಓಣಿ ತೆರೆಯುವುದು. ಮಲ್ಲೇಶ್ವರ, ಬಸವನಗುಡಿಯಂಥ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳಿವೆ. ಒಂದು ಕಾಲಕ್ಕೆ ಕಕ್ಕಸು ಬಳಿಯಲು ಬಿಟ್ಟ ದಾರಿ. ಒಳಚರಂಡಿ ಬಂದ ಮೇಲೆ ಕಸ, ಪೊದೆ, ಮನೆಯವರ ಶೆಡ್ಡು ಸೇರಿಕೊಂಡವು. ತೆರೆದು ದೀಪ ಹಾಕಿದರೆ ಗಾಡಿ ಕಾಟವಿಲ್ಲದ ಒಳದಾರಿ ಸಿಗುತ್ತದೆ. ನಿಮ್ಮ ಏರಿಯಾದಲ್ಲಿ ಅಂಥದ್ದು ಇದ್ದರೆ ಮೊದಲು ಅದನ್ನು ಹುಡುಕಿ.

ಪುಟ್ಟ ಮಕ್ಕಳಿಗೆ ಏನೇನು ಹತ್ತಿರ ಇರಬೇಕು?

ಅಂಗನವಾಡಿ, ಲಸಿಕೆ ಹಾಕಿಸುವ ಜಾಗ, ಓಡಾಡಲು ಒಂದಿಷ್ಟು ಬಯಲು. ಐದು ವರ್ಷದೊಳಗಿನ ಮಗು ಒಂಟಿಯಾಗಿ ಹೋಗುವುದಿಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗು ಹಿಡಿದ ಅಮ್ಮನೋ ಅಜ್ಜಿಯೋ ಜೊತೆಗಿರುತ್ತಾರೆ. ಫುಟ್‌ಪಾತ್ ಅಗಲ ನೋಡುವಾಗ ಇಬ್ಬರು ಕೈ ಹಿಡಿದು ಪಕ್ಕಪಕ್ಕ ನಡೆಯಬಹುದಾ ಅಂತ ನೋಡಿ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಜಾಗವಿದ್ದರೆ ಮಗು ರಸ್ತೆ ಕಡೆಗೆ ಬರುತ್ತದೆ.

ಅಂಗನವಾಡಿಗೆ ಸರ್ಕಾರದ ಅಳತೆ ಜನಸಂಖ್ಯೆಯದ್ದು: 400ರಿಂದ 800 ಜನರಿಗೆ ಒಂದು. ಕೇಂದ್ರ ಬೀದಿಯ ಈ ತುದಿಯಲ್ಲಿದೆಯೋ ಹೆದ್ದಾರಿಯ ಆಚೆಗಿದೆಯೋ ಅನ್ನುವುದನ್ನು ಈ ಲೆಕ್ಕ ಹೇಳುವುದಿಲ್ಲ. ಬಾಡಿಗೆ ಕಟ್ಟಡ ಎಲ್ಲಿ ಅಗ್ಗಕ್ಕೆ ಸಿಗುತ್ತದೋ ಅಲ್ಲಿ ಕೇಂದ್ರ ಇರುತ್ತದೆ.

ಒಂದು ಸಣ್ಣ ಪ್ರಯೋಗ ಹೇಳುತ್ತೇನೆ. ಅರ್ಬನ್95 ಅಂತ ಒಂದು ಕಾರ್ಯಕ್ರಮವಿದೆ, ಪುಟ್ಟ ಮಕ್ಕಳಿಗಾಗಿ ಕೆಲಸ ಮಾಡುವ ವಾನ್ ಲೀರ್ ಫೌಂಡೇಶನ್ನಿನದು. 95 ಸೆಂಟಿಮೀಟರ್ ಅಂದರೆ ಮೂರು ವರ್ಷದ ಆರೋಗ್ಯವಂತ ಮಗುವಿನ ಎತ್ತರ. ಆ ಎತ್ತರದಿಂದ ಊರು ಹೇಗೆ ಕಾಣುತ್ತದೆ ಅನ್ನುವುದು ಅವರ ಪ್ರಶ್ನೆ. ನಾವೂ ಒಂದು ಭಾನುವಾರ ಫೋನನ್ನು ಆ ಎತ್ತರಕ್ಕೆ ಹಿಡಿದು ಅಂಗನವಾಡಿ ದಾರಿಯ ವಿಡಿಯೊ ಮಾಡಿದೆವು. ಕಂಡದ್ದು ಸೈಲೆನ್ಸರ್, ಕಾರಿನ ಬಂಪರ್, ಕಸದ ಚೀಲ, ತೆರೆದ ಮೋರಿ. ನಿಂತ ಕಾರುಗಳ ನಡುವಿನಿಂದ ಎದುರಿಗೆ ಬರುವ ಗಾಡಿ ಕಾಣಲೇ ಇಲ್ಲ. ಐದು ವರ್ಷದೊಳಗಿನ ಮಕ್ಕಳಿಗಾಗಿ ಕೇಂದ್ರ ಸರ್ಕಾರ ನಡೆಸಿದ ನರ್ಚರಿಂಗ್ ನೈಬರ್‌ಹುಡ್ಸ್ ಚಾಲೆಂಜಿನಲ್ಲಿ ಬೆಂಗಳೂರು ಮತ್ತು ಹುಬ್ಬಳ್ಳಿ-ಧಾರವಾಡ ಎರಡೂ ಇದ್ದವು. ಅಂದರೆ ಈ ಮಾತು ನಮ್ಮ ಪಾಲಿಕೆಗಳಿಗೆ ಹೊಸದಲ್ಲ. ನೆನಪಿಸಿದರೆ ಅರ್ಥವಾಗುತ್ತದೆ.

ಶಾಲೆಗೆ ಮಕ್ಕಳನ್ನು ಒಬ್ಬರೇ ಕಳಿಸಬಹುದಾ? ಎಷ್ಟು ವಯಸ್ಸಿಗೆ?

ವಯಸ್ಸು ನಾನು ಹೇಳಲಾರೆ. ಆದರೆ ದಾರಿ ಹೇಳುತ್ತದೆ. ಶಿಕ್ಷಣ ಹಕ್ಕಿನ ನಿಯಮಗಳ ಪ್ರಕಾರ ಒಂದರಿಂದ ಐದನೇ ಕ್ಲಾಸಿನ ಶಾಲೆ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟನೇ ಕ್ಲಾಸಿಂದು 3 ಕಿಲೋಮೀಟರ್ ಒಳಗೆ ನಡೆದು ಹೋಗುವಂತೆ ಇರಬೇಕು. ಕಾನೂನೇ ‘ನಡಿಗೆ’ ಅನ್ನುವ ಮಾತು ಆಡಿದೆ, ಗಮನಿಸಿ. ಆದರೆ ನಮ್ಮ ಬೀದಿಯ ಬಹುಪಾಲು ಮಕ್ಕಳು ಹಳದಿ ಬಸ್ ಹತ್ತಿ ಎಂಟು ಹತ್ತು ಕಿಲೋಮೀಟರ್ ಹೋಗುತ್ತಾರೆ. ಅದು ಅಪ್ಪ ಅಮ್ಮಂದಿರ ಆಯ್ಕೆ, ಅದರ ಬಗ್ಗೆ ಇಲ್ಲಿ ಜಗಳ ಬೇಡ.

ನಡೆದು ಹೋಗುವ ಮಕ್ಕಳು ಇನ್ನೂ ತುಂಬಾ ಜನ ಇದ್ದಾರೆ. ಸರ್ಕಾರಿ ಶಾಲೆಗೆ ಹೋಗುವ ಮಕ್ಕಳೇ ಜಾಸ್ತಿ. ಅವರ ದಾರಿಯ ಬಗ್ಗೆ ದೂರು ಕೊಡುವವರು ಕಡಿಮೆ, ಯಾಕೆಂದರೆ ಬೆಳಿಗ್ಗೆ ಅವರ ಮನೆಯವರು ಕೆಲಸಕ್ಕೆ ಹೋಗಿರುತ್ತಾರೆ. ನಾವು ಆರನೇ ಕ್ಲಾಸಿನ ಮಕ್ಕಳ ಕೈಗೆ ಚಾಕ್‌ಪೀಸ್ ಕೊಟ್ಟು, ಹೆದರಿಕೆ ಆಗುವ ಜಾಗದಲ್ಲಿ ನೆಲಕ್ಕೆ ಗುರುತು ಹಾಕಿ ಅಂದೆವು. ನಾವು ದೊಡ್ಡ ಜಂಕ್ಷನ್ ಅಂದುಕೊಂಡಿದ್ದೆವು. ಅವರು ಗುರುತು ಹಾಕಿದ್ದು ಒಂದು ಗ್ಯಾರೇಜು, ಒಂದು ಬಾರು, ಮತ್ತು ನಾಲ್ಕು ನಾಯಿ ಮಲಗುವ ಒಂದು ಮೂಲೆ.

ಶಾಲೆ ಬಿಡುವ ಹೊತ್ತಿನ ಅರ್ಧ ಗಂಟೆ ಗೇಟಿನ ಮುಂದಿನ ರಸ್ತೆಗೆ ಗಾಡಿ ಬಿಡದೇ ಇರುವುದು ಒಳ್ಳೆಯ ಉಪಾಯ. ಪ್ಯಾರಿಸ್ಸಿನಲ್ಲಿ ಎಷ್ಟೋ ಶಾಲೆಗಳ ಮುಂದೆ ರಸ್ತೆಯನ್ನೇ ಗಾಡಿಗಳಿಗೆ ಮುಚ್ಚಿದ್ದಾರೆ. ನಮ್ಮಲ್ಲಿ ಗಾಡಿ ತರುವವರೇ ಅಪ್ಪಂದಿರು. ಕಷ್ಟ.

ಹದಿಮೂರು ಹದಿನಾಲ್ಕು ವರ್ಷದವರಿಗೆ?

ಇವರನ್ನು ಎಲ್ಲರೂ ಮರೆಯುತ್ತಾರೆ. ಜಾರುಬಂಡೆಗೆ ದೊಡ್ಡವರಾದರು, ವಾಕಿಂಗ್ ಟ್ರ್ಯಾಕಿಗೆ ಚಿಕ್ಕವರು. ಪಾರ್ಕಿನಲ್ಲಿ ‘ಕ್ರಿಕೆಟ್ ಆಡಬಾರದು, ಸೈಕಲ್ ತರಬಾರದು, ಹುಲ್ಲಿನ ಮೇಲೆ ಕೂರಬಾರದು’ ಅಂತ ಬೋರ್ಡು. ಹಾಗಾದರೆ ಅವರು ಎಲ್ಲಿಗೆ ಹೋಗಬೇಕು? ದುಡ್ಡು ಕೊಟ್ಟು ಟರ್ಫಿಗೆ, ಇಲ್ಲದಿದ್ದರೆ ಬೇಕರಿ ಮುಂದೆ.

ಅವರಿಗೆ ಬೇಕಾದದ್ದು ಆಟದ ಮೈದಾನ, ಲೈಬ್ರರಿ, ಬಸ್ ಸ್ಟಾಪು. ಲೈಬ್ರರಿ ವಿಷಯದಲ್ಲಿ ಒಂದು ಮಾತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ 6% ಗ್ರಂಥಾಲಯ ಕರ ಕಟ್ಟುತ್ತೇವೆ. ನಿಮ್ಮ ತೆರಿಗೆ ರಸೀದಿ ತೆಗೆದು ನೋಡಿ. ದುಡ್ಡು ಕೊಟ್ಟಾಗಿದೆ, ಆದ್ದರಿಂದ ಶಾಖೆ ಎಲ್ಲಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಹುಡುಗಿಯರ ಲೆಕ್ಕ ಬೇರೆ. ನಮ್ಮ ಗುಂಪಿನ ಕಾಲೇಜು ಹುಡುಗಿಯರು ಒಂದೇ ದಾರಿಗೆ ಎರಡು ನಕ್ಷೆ ಮಾಡಿದರು: ಸಂಜೆ ಆರಕ್ಕೆ ಮುಂಚೆ, ಆರರ ನಂತರ. ಎರಡನೆಯದರಲ್ಲಿ ಲೈಬ್ರರಿ ಹತ್ತಿರದ ರಸ್ತೆಯೇ ಇಲ್ಲ. ಬೀದಿದೀಪ ಇದೆ, ಆದರೆ ಮರದ ಕೊಂಬೆಯ ಮೇಲೆ ಇದೆ, ಬೆಳಕೆಲ್ಲ ಎಲೆಗೆ.

ದುಡಿಯುವ ವಯಸ್ಸಿನವರು ಹೇಗಾದರೂ ಹೋಗುತ್ತಾರಲ್ಲ?

ಹೋಗುತ್ತಾರೆ. ಆದರೆ ಎಲ್ಲಿ ಇಳಿಯುತ್ತಾರೆ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಬಸ್ಸು ಫ್ರೀ, ಆದರೆ ಮನೆಯಿಂದ ಸ್ಟಾಪಿನವರೆಗೆ ಆಟೊಗೆ ನಲವತ್ತು ರೂಪಾಯಿ ಕೊಡಬೇಕಾದರೆ ಏನು ಉಳಿಯಿತು? ನಮ್ಮಲ್ಲಿ ಮನೆಗೆಲಸಕ್ಕೆ ಬರುವ ಒಬ್ಬರು ದಿನಕ್ಕೆ ನಾಲ್ಕು ಮನೆ ಮಾಡುತ್ತಾರೆ. ಅವರು ನಡೆಯುವಷ್ಟು ಈ ಲೇಔಟಿನಲ್ಲಿ ಟ್ರ್ಯಾಕ್‌ಸೂಟ್ ಹಾಕಿಕೊಂಡು ನಡೆಯುವವರು ಯಾರೂ ನಡೆಯುವುದಿಲ್ಲ. ಸರ್ವೆ ಮಾಡುವಾಗ ಸೈಟ್ ಮಾಲೀಕರನ್ನು ಮಾತ್ರ ಕೇಳಬೇಡಿ. ನಾವು ಮೊದಲ ಸಲ ಆ ತಪ್ಪು ಮಾಡಿದ್ದೆವು.

ವಯಸ್ಸಾದವರಿಗೆ ಮುಖ್ಯವಾಗಿ ಏನು ಬೇಕು?

ಕೂರಲು ಜಾಗ. ಆಮೇಲೆ ಶೌಚಾಲಯ. ಆಮೇಲೆ ಸಮನಾದ ನೆಲ. ದೂರ ಅನ್ನುವುದು ನಾಲ್ಕನೆಯದು.

ನಮ್ಮ ಅಮ್ಮನಿಗೆ 74. ಮೊದಲೆಲ್ಲ ಸಂಜೆ ದೇವಸ್ಥಾನಕ್ಕೆ ನಡೆದೇ ಹೋಗುತ್ತಿದ್ದರು, 600 ಮೀಟರ್. ಎರಡು ವರ್ಷದ ಹಿಂದೆ ಬಿಟ್ಟರು. ಮಂಡಿ ನೋವು ಅಂತ ನಾವು ಅಂದುಕೊಂಡಿದ್ದೆವು. ಸರ್ವೆ ಮಾಡುವಾಗ ಸುಮ್ನೆ ಕೇಳಿದೆ. ದಾರಿಯಲ್ಲಿ ಒಂದು ಹಳೆ ಮನೆ ಇತ್ತು, ಮುಂದೆ ಕಲ್ಲಿನ ಜಗಲಿ. ಅಲ್ಲಿ ಎರಡು ನಿಮಿಷ ಕೂತು, ಸುಧಾರಿಸಿಕೊಂಡು ಮುಂದೆ ಹೋಗುತ್ತಿದ್ದರಂತೆ. ಆ ಮನೆ ಒಡೆದು ನಾಲ್ಕು ಮಹಡಿ ಕಟ್ಟಿದರು. ಜಗಲಿ ಹೋಯಿತು, ಅಮ್ಮನ ದೇವಸ್ಥಾನವೂ ಹೋಯಿತು. ಮ್ಯಾಪಿನಲ್ಲಿ ದೂರ ಒಂದಿಂಚೂ ಬದಲಾಗಿಲ್ಲ.

ಅದಾದ ಮೇಲೆ ನಾವು 150 ಮೀಟರಿಗೊಂದು ಕೂರುವ ಜಾಗ ಅಂತ ನಮ್ಮದೇ ಲೆಕ್ಕ ಹಾಕಿಕೊಂಡೆವು. ಸಿಮೆಂಟ್ ಬೆಂಚೇ ಆಗಬೇಕಿಲ್ಲ. ಅರಳಿಕಟ್ಟೆ, ಅಂಗಡಿ ಮುಂದಿನ ಕಟ್ಟೆ, ಗೇಟಿನ ಪಕ್ಕದ ಜಗಲಿ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಹಿಡಿದು ಏಳಲು ಪಕ್ಕದಲ್ಲಿ ಕೈಹಿಡಿ ಇದ್ದರೆ ಇನ್ನೂ ಒಳ್ಳೆಯದು. ಎತ್ತರ ಮಂಡಿಯ ಮಟ್ಟಕ್ಕಿರಲಿ. ತೀರಾ ತಗ್ಗಿನ ಕಟ್ಟೆಯಲ್ಲಿ ಕೂತರೆ ಏಳುವುದೇ ಒಂದು ಸಾಹಸ.

ಶೌಚಾಲಯದ ಮಾತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ, ಪ್ರಾಸ್ಟೇಟ್ ಇದ್ದವರಿಗೆ ಅರ್ಧ ಗಂಟೆಗಿಂತ ಜಾಸ್ತಿ ಮನೆಯಿಂದ ಆಚೆ ಇರುವುದೇ ಹೆದರಿಕೆ. ನಮ್ಮ ಪಾರ್ಕಿನಲ್ಲಿ ಶೌಚಾಲಯ ಕಟ್ಟಿದ್ದಾರೆ, ಬೀಗ ಹಾಕಿದ್ದಾರೆ, ಬೀಗದ ಕೈ ಮಾಲಿಯ ಹತ್ತಿರ, ಮಾಲಿ ಮಧ್ಯಾಹ್ನ ಇರುವುದಿಲ್ಲ.

ಕ್ಲಿನಿಕ್ ಹತ್ತಿರ ಬರುತ್ತಿರುವುದು ಒಳ್ಳೆಯ ವಿಷಯ. ಬೆಂಗಳೂರಿನಲ್ಲಿ 2023ರಲ್ಲಿ ವಾರ್ಡಿಗೊಂದು ಅನ್ನುವ ಲೆಕ್ಕದಲ್ಲಿ ‘ನಮ್ಮ ಕ್ಲಿನಿಕ್’ ಅನ್ನುವ ಸರ್ಕಾರಿ ಕ್ಲಿನಿಕ್‌ಗಳು ಶುರುವಾದವು. ಬಿಪಿ, ಶುಗರ್ ತೋರಿಸಲು ದೊಡ್ಡಾಸ್ಪತ್ರೆಗೆ ಹೋಗಬೇಕಿಲ್ಲ. ಆದರೆ ಕೆಲವು ಮೊದಲ ಮಹಡಿಯಲ್ಲಿವೆ. ನಿಮ್ಮಲ್ಲಿ ಹಾಗಿದ್ದರೆ ನಕ್ಷೆಯಲ್ಲಿ ಅದನ್ನು ‘ಇಲ್ಲ’ ಅಂತಲೇ ಬರೆಯಿರಿ. ಬ್ಯಾಂಕಿಗೂ ಇದೇ ಮಾತು. ನವೆಂಬರಿನಲ್ಲಿ ಪಿಂಚಣಿಯವರು ಜೀವಿತ ಪ್ರಮಾಣಪತ್ರ ಕೊಡಲು ಬರುತ್ತಾರಲ್ಲ, ಆಗ ಒಂದು ದಿನ ಬಾಗಿಲಲ್ಲಿ ನಿಂತು ಮೆಟ್ಟಿಲು ಹತ್ತುವವರನ್ನು ನೋಡಿ.

ರಸ್ತೆ ದಾಟುವುದನ್ನು ಹೇಗೆ ಅಳೆಯುವುದು?

ಗಡಿಯಾರ ಹಿಡಿದು. 80 ಅಡಿ ರಸ್ತೆ ಅಂದರೆ ಸುಮಾರು 24 ಮೀಟರ್. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 20 ಸೆಕೆಂಡ್, 0.8 ನಡೆಯುವವರಿಗೆ 30 ಸೆಕೆಂಡ್. ನಿಮ್ಮ ಸಿಗ್ನಲ್ಲಿನಲ್ಲಿ ಹಸಿರು ಮನುಷ್ಯ ಎಷ್ಟು ಸೆಕೆಂಡ್ ಇರುತ್ತಾನೆ ಎಣಿಸಿ. ನಮ್ಮಲ್ಲಿ 15. ಅಂದರೆ ಆ ಸಿಗ್ನಲ್ ಯಾವ ವಯಸ್ಸಿನವರಿಗೂ ಅಲ್ಲ, ಓಡುವವರಿಗೆ.

ಸಿಂಗಪುರದಲ್ಲಿ 2009ರಿಂದ ಒಂದು ವ್ಯವಸ್ಥೆ ಇದೆ. ಹಿರಿಯರು ತಮ್ಮ ಕಾರ್ಡನ್ನು ಕಂಬಕ್ಕೆ ತಾಗಿಸಿದರೆ, ರಸ್ತೆಯ ಅಗಲ ನೋಡಿಕೊಂಡು 3ರಿಂದ 13 ಸೆಕೆಂಡ್ ಜಾಸ್ತಿ ಹಸಿರು ಸಿಗುತ್ತದೆ. ನಮಗೆ ಕಾರ್ಡು ಗೀರ್ಡು ಬೇಡ. ಮಧ್ಯದ ಡಿವೈಡರಿನಲ್ಲಿ ಗಟ್ಟಿಯಾಗಿ ನಿಲ್ಲಲು ಎರಡು ಮೀಟರ್ ಜಾಗ ಕೊಟ್ಟರೂ ಸಾಕು, ಒಂದೇ ಸಲಕ್ಕೆ ದಾಟುವ ಬದಲು ಎರಡು ಸಲಕ್ಕೆ ದಾಟಬಹುದು.

ಸ್ಕೈವಾಕ್ ಇದೆಯಲ್ಲ ಅನ್ನುತ್ತಾರೆ. ಮೆಟ್ಟಿಲು ಹತ್ತಲಾರದವರಿಗೆ, ಲಿಫ್ಟ್ ಕೆಟ್ಟ ದಿನ, ಅದು ಜಾಹೀರಾತಿನ ಬೋರ್ಡು ಅಷ್ಟೇ. ಇದು ತಮಾಷೆಯ ವಿಷಯವೂ ಅಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದ 1,68,491 ಜನರಲ್ಲಿ 32,825 ಮಂದಿ ನಡೆದುಕೊಂಡು ಹೋಗುತ್ತಿದ್ದವರು. ಐವರಲ್ಲಿ ಒಬ್ಬರು.

ಫುಟ್‌ಪಾತ್ ಹೇಗಿರಬೇಕು ಅಂತ ನಿಯಮ ಇದೆಯಾ?

ಇದೆ. ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಅನ್ನುವ ಮಾರ್ಗಸೂಚಿ. ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್. ಎತ್ತರ 150 ಮಿಲಿಮೀಟರ್ ಮೀರಬಾರದು. ಇಳಿಜಾರು 12ಕ್ಕೆ 1ರಂತೆ, ಅಂದರೆ 12 ಅಡಿ ಉದ್ದಕ್ಕೆ 1 ಅಡಿ ಏರು. ಟೇಪ್ ತೆಗೆದುಕೊಂಡು ಹೋಗಿ, ನಗು ಬರುತ್ತದೆ. ನಮ್ಮಲ್ಲಿ ಒಂದು ಕಡೆ ಎತ್ತರ ಒಂದೂವರೆ ಅಡಿ. ಮಳೆನೀರು ಮನೆಗೆ ನುಗ್ಗದಿರಲಿ ಅಂತ ಏರಿಸಿದ್ದಂತೆ. ಅದರ ಮೇಲೆ ಹತ್ತುವವರು ಬೈಕಿನವರು ಮಾತ್ರ.

ಇನ್ನೊಂದು ಕಾಟ ಮನೆ ಗೇಟಿನ ರ‍್ಯಾಂಪು. ಪ್ರತಿ ಮನೆ ಮುಂದೆ ಇಳಿದು ಹತ್ತಿ ಇಳಿದು ಹತ್ತಿ ನಡೆಯಬೇಕು. ಫುಟ್‌ಪಾತ್ ಒಂದೇ ಮಟ್ಟದಲ್ಲಿ ಹೋಗಬೇಕು, ಹತ್ತಿ ಇಳಿಯುವುದು ಕಾರಿನ ಕೆಲಸ. ಫುಟ್‌ಪಾತ್, ಚರಂಡಿ, ಕೇಬಲ್ ಎಲ್ಲ ಒಟ್ಟಿಗೆ ಯೋಚಿಸಿ ಮಾಡಿದ ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳಲ್ಲಿ, ವಿಠಲ್ ಮಲ್ಯ ರಸ್ತೆಯಲ್ಲಿ, ನಡೆದವರಿಗೆ ಈ ವ್ಯತ್ಯಾಸ ಗೊತ್ತು. ಅದಕ್ಕೆ ಖರ್ಚು ಜಾಸ್ತಿಯಾಯಿತು ಅನ್ನುವ ಮಾತೂ ಇದೆ. ನನ್ನ ತಕರಾರು ಬೇರೆ: ಅಂಥವು ಬಂದದ್ದು ಹೆಚ್ಚಾಗಿ ಊರ ನಡುವೆ. ಅಂಗನವಾಡಿ ಇರುವ ಬೀದಿಗೆ ಬರಲಿಲ್ಲ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಅಂತ ಹೇಳಿತು. ಅರ್ಜಿ ಬರೆಯುವಾಗ ಈ ಒಂದು ಸಾಲು ಸೇರಿಸಿ.

ತಳ್ಳುಗಾಡಿಯವರನ್ನು ಎಬ್ಬಿಸಿದರೆ ಅರ್ಧ ಸಮಸ್ಯೆ ಮುಗಿಯಿತಲ್ವಾ?

ಇಲ್ಲ. ನಾವು ಎಣಿಸಿ ನೋಡಿದೆವು. ನಮ್ಮ ಮುಖ್ಯರಸ್ತೆಯ ಫುಟ್‌ಪಾತಿನಲ್ಲಿ ಜಾಗ ಜಾಸ್ತಿ ತಿಂದದ್ದು ನಿಲ್ಲಿಸಿದ ಬೈಕು ಕಾರು, ಆಮೇಲೆ ಟ್ರಾನ್ಸ್‌ಫಾರ್ಮರ್, ಆಮೇಲೆ ಕಟ್ಟಡ ಕೆಲಸದ ಜಲ್ಲಿ ಮರಳು. ಸೊಪ್ಪಿನವರು ಕೊನೆಗೆ. ಅಷ್ಟೇ ಅಲ್ಲ, ಸೊಪ್ಪಿನ ಗಾಡಿ ತಾನೇ ಒಂದು ಸೌಲಭ್ಯ. ಅಜ್ಜಿಯ ನಿಮಿಷದ ನಕ್ಷೆಯಲ್ಲಿ ಮಾರ್ಕೆಟ್ ಇಲ್ಲ, ಗಾಡಿ ಇದೆ. ರಾತ್ರಿ ಎಂಟರ ನಂತರ ಹುಡುಗಿಯರು ಧೈರ್ಯವಾಗಿ ನಡೆಯುವ ಬೀದಿ ಯಾವುದು ಅಂದರೆ ಹೂವಿನವರು, ಇಡ್ಲಿ ಗಾಡಿಯವರು ಇರುವ ಬೀದಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಜಾಗ ಗುರುತಿಸಬೇಕು ಅನ್ನುತ್ತದೆ. ನಡೆಯಲು 1.8 ಮೀಟರ್ ಬಿಟ್ಟು ಆಚೆಗೆ ಗಾಡಿಗೆ ಗೆರೆ ಹಾಕಿದರೆ ಇಬ್ಬರಿಗೂ ಆಗುತ್ತದೆ.

ಹಳೆಯ ಬಡಾವಣೆಗಳು ನಡೆಯಲು ಚೆನ್ನಾಗಿವೆ, ಹೊಸವು ಯಾಕೆ ಹೀಗೆ?

ಜಯನಗರ ನೋಡಿ. 1948ರಲ್ಲಿ ಶುರುವಾದ ಬಡಾವಣೆ. ಬ್ಲಾಕು ಬ್ಲಾಕಿಗೂ ಪಾರ್ಕು, ಶಾಲೆ, ನಾಲ್ಕನೇ ಬ್ಲಾಕಿನಲ್ಲಿ ಕಾಂಪ್ಲೆಕ್ಸು, ಬಸ್ ನಿಲ್ದಾಣ. ಗೆರೆ ಎಳೆಯುವ ಮುಂಚೆ ಯಾರೋ ಕೂತು ಯೋಚನೆ ಮಾಡಿದ್ದಾರೆ ಅಂತ ನಡೆದರೆ ಗೊತ್ತಾಗುತ್ತದೆ. ಮೈಸೂರಿನಲ್ಲಿ 1903ರಲ್ಲೇ ನಗರ ಸುಧಾರಣೆಗೆ ಅಂತ ಟ್ರಸ್ಟ್ ಬೋರ್ಡ್ ಇತ್ತು. ಹೊಸ ಬಡಾವಣೆಗಳಲ್ಲಿ ಎಷ್ಟೋ ಕಡೆ ರೆವಿನ್ಯೂ ಜಮೀನು, ಅಂದರೆ ಹೊಲ ತೋಟ, ಹಾಗೇ ಸೈಟಾಗಿ, ತೋಟದ ದಾರಿಯೇ ಮುಖ್ಯರಸ್ತೆಯಾಗಿದೆ. ಪಕ್ಕದಲ್ಲಿ ಮೂವತ್ತು ಎಕರೆಯ ಅಪಾರ್ಟ್‌ಮೆಂಟ್, ಒಳಗೆ ಚೆಂದದ ವಾಕಿಂಗ್ ಟ್ರ್ಯಾಕ್, ಹೊರಗೆ ಕಾಲಿಡಲು ಜಾಗವಿಲ್ಲ.

ಹಳೆಯದರ ಬಗ್ಗೆ ಜಾಸ್ತಿ ಮೋಹವೂ ಬೇಡ. ಜಯನಗರದಲ್ಲೂ ಈಗ ಫುಟ್‌ಪಾತಿನ ಮೇಲೆ ಕಾರು ಮಲಗಿರುತ್ತದೆ.

ಸಿಎ ಸೈಟ್ ಅಂದರೇನು? ನಮ್ಮಲ್ಲಿ ಇದೆಯಾ?

ಈ ಇಡೀ ವಿಷಯದ ತಾಯಿಬೇರು ಇದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆ, 1976ರ ಪ್ರಕಾರ ಬಡಾವಣೆ ಮಾಡುವಾಗ ಒಟ್ಟು ಜಾಗದಲ್ಲಿ ಕನಿಷ್ಠ 15% ಪಾರ್ಕು ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಕನಿಷ್ಠ 10% ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ಆ ಎರಡನೆಯದೇ ಸಿಎ, ಅಂದರೆ ಸಿವಿಕ್ ಅಮೆನಿಟಿ, ಸೈಟು. ಶಾಲೆ, ಆಸ್ಪತ್ರೆ, ಅಂಗನವಾಡಿ, ಲೈಬ್ರರಿ, ಪೋಸ್ಟಾಫೀಸು, ಇಂಥವಕ್ಕೆ ಮೀಸಲು. ಅಂದರೆ ನೂರು ಎಕರೆಯಲ್ಲಿ ಇಪ್ಪತ್ತೈದು ಎಕರೆ ನಮ್ಮೆಲ್ಲರ ಹೆಸರಲ್ಲಿ ಇರಬೇಕಾದದ್ದು. ಲೇಔಟ್ ಪ್ಲ್ಯಾನಿನ ಪ್ರತಿ ತೆಗೆದು, ಅದರಲ್ಲಿ ಗುರುತಿಸಿದ ಜಾಗಗಳಿಗೆ ಒಂದೊಂದಾಗಿ ಹೋಗಿ ನಿಂತು ನೋಡಿ. ನಮ್ಮಲ್ಲಿ ಒಂದರಲ್ಲಿ ಬೇಲಿ ಗಿಡ ಬೆಳೆದಿತ್ತು. ಒಂದರಲ್ಲಿ ಕಲ್ಯಾಣಮಂಟಪ. ಅದಕ್ಕೂ ಮೂರು ವರ್ಷದ ಮಗುವಿಗೂ ಏನು ಸಂಬಂಧ ಅಂತ ನಾನು ಕೇಳಿದೆ. ಒಬ್ಬ ಹಿರಿಯರು, ‘ಮುಂದೆ ಬೇಕಾಗತ್ತಲ್ಲಪ್ಪಾ’ ಅಂದರು.

ಪಾರ್ಕಿನ ಜಾಗವನ್ನು ಬೇರೆಯದಕ್ಕೆ ಕೊಟ್ಟರೆ ಸುಮ್ಮನಿರಬೇಕಿಲ್ಲ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಅಂತ ಅದು ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಹೆಸರಾಗಿದೆ. ಆಸ್ಪತ್ರೆಯೂ ಬೇಕಾದದ್ದೇ, ಆದರೆ ಪಾರ್ಕು ತಿಂದು ಅಲ್ಲ ಅನ್ನುವುದು ಅದರ ಸಾರ.

15 ನಿಮಿಷದ ನಗರ ಅಂದರೆ ಇದೇನಾ?

ಹತ್ತಿರದ್ದು. ಪ್ಯಾರಿಸ್ಸಿನ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ ಆ ಮಾತು ತಂದದ್ದು, ಅಲ್ಲಿನ ಆಗಿನ ಮೇಯರ್ ಆನ್ ಹಿಡಾಲ್ಗೊ 2020ರ ಚುನಾವಣೆಯಲ್ಲಿ ಅದನ್ನು ಹಿಡಿದರು. ದಿನಕ್ಕೆ ಬೇಕಾದದ್ದೆಲ್ಲ ಹದಿನೈದು ನಿಮಿಷದ ನಡಿಗೆಯಲ್ಲೋ ಸೈಕಲ್ಲಿನಲ್ಲೋ ಸಿಗಬೇಕು ಅಂತ. ನಮ್ಮ ಊರುಗಳಲ್ಲಿ ಅಂಗಡಿ ಮನೆ ಕಲೆತೇ ಇವೆ, ಹತ್ತು ನಿಮಿಷದಲ್ಲಿ ಎಲ್ಲ ಸಿಗುತ್ತದೆ. ನಮಗೆ ಇಲ್ಲದ್ದು ದಾರಿ. ಅದಕ್ಕೇ ಆ ಹೆಸರನ್ನು ಇಲ್ಲಿ ಬಳಸಲು ನನಗೆ ಅಷ್ಟು ಮನಸ್ಸಿಲ್ಲ.

ನಾವೂ ನಕ್ಷೆ ಮಾಡಬೇಕು. ಎಲ್ಲಿಂದ ಶುರು?

ಒಂದು ಬೀದಿಯಿಂದ. ಇಡೀ ವಾರ್ಡು ಅಂತ ಹೊರಟರೆ ಎರಡನೇ ಭಾನುವಾರಕ್ಕೆ ಯಾರೂ ಬರುವುದಿಲ್ಲ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ನಿಮ್ಮ ಏರಿಯಾದ ಹಾಳೆ ಪ್ರಿಂಟ್ ತೆಗೆಯಿರಿ. ಮೂರು ಬಣ್ಣದ ಪೆನ್ನು, ಟೇಪು, ಫೋನು. ಒಂದು ಮಗು, ಒಬ್ಬ ಹಿರಿಯರು ಜೊತೆಗೆ ಇರಲೇಬೇಕು. ಅವರು ಎಲ್ಲಿ ನಿಂತರು, ಎಲ್ಲಿ ರಸ್ತೆಗೆ ಇಳಿದರು, ಎಲ್ಲಿ ನಿಮ್ಮ ಕೈ ಹಿಡಿದರು, ಇಷ್ಟನ್ನೇ ಬರೆಯಿರಿ. ಅವರು ಕೈ ಹಿಡಿಯುವ ಜಾಗಗಳ ಪಟ್ಟಿಯೇ ನಿಮ್ಮ ಕೆಲಸದ ಪಟ್ಟಿ. ಮಳೆ ಬಂದ ಮರುದಿನ ಒಂದು ಸಲ, ರಾತ್ರಿ ಎಂಟಕ್ಕೆ ಒಂದು ಸಲ ಅದೇ ದಾರಿ ನಡೆಯಿರಿ.

ಯಾರಿಗೆ ಕೊಡಬೇಕು? ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ.

ನಿಜ. ಫುಟ್‌ಪಾತ್ ಪಾಲಿಕೆಯದು, ಸಿಗ್ನಲ್ ಸಮಯ ಟ್ರಾಫಿಕ್ ಪೊಲೀಸರದು, ಟ್ರಾನ್ಸ್‌ಫಾರ್ಮರ್ ಕರೆಂಟ್ ಕಂಪನಿ ಬೆಸ್ಕಾಂನದು, ಮ್ಯಾನ್‌ಹೋಲ್ ಮುಚ್ಚಳ ಜಲಮಂಡಳಿಯದು, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯದು. 2025ರ ಸೆಪ್ಟೆಂಬರಿನಿಂದ ಹಳೆಯ ಮಹಾನಗರ ಪಾಲಿಕೆ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆಗಳು ಬಂದಿವೆ. ಹಾಗಾಗಿ ಮೊದಲು ನೀವು ಯಾವ ಪಾಲಿಕೆಗೆ ಸೇರಿದ್ದೀರಿ ಖಾತ್ರಿ ಮಾಡಿಕೊಳ್ಳಿ. ಒಂದೇ ದೊಡ್ಡ ಮನವಿ ಬರೆಯಬೇಡಿ. ಕಚೇರಿಗೊಂದು ಹಾಳೆ, ಹಾಳೆಗೆ ಒಂದೇ ಕೆಲಸ, ಜೊತೆಗೆ ಫೋಟೊ, ಅಳತೆ. ನಮ್ಮ ಹದಿನೆಂಟು ಅಂಶದ ಮನವಿ ಎಂಟು ತಿಂಗಳು ಮಲಗಿತ್ತು. ‘ಈ ಗೋಡೆಗೆ ಮೂರಡಿ ಗೇಟು ಬೇಕು’ ಅನ್ನುವ ಒಂದು ಸಾಲಿನ ಹಾಳೆಗೆ ಐದು ವಾರದಲ್ಲಿ ಉತ್ತರ ಬಂತು.

ಬೆಂಚು ಹಾಕಿದರೆ ಕುಡುಕರು ಬಂದು ಕೂರುತ್ತಾರೆ. ಆಗ?

ಈ ಪ್ರಶ್ನೆ ಬಾರದ ಮೀಟಿಂಗು ನಾನು ನೋಡಿಲ್ಲ. ಕೂರುತ್ತಾರೆ, ಕೆಲವು ಸಲ. ನಾವು ಹಾಕಿಸಿದ ಎರಡು ಬೆಂಚಿನಲ್ಲಿ ಒಂದು ಖಾಲಿ ಸೈಟಿನ ಮುಂದೆ ಇತ್ತು, ಅಲ್ಲಿ ತೊಂದರೆ ಆಯಿತು. ಅದನ್ನು ಎತ್ತಿ ಇಸ್ತ್ರಿ ಅಂಗಡಿಯ ಎದುರಿಗೆ ಇಟ್ಟೆವು. ಇಸ್ತ್ರಿಯವರು ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಅಲ್ಲೇ ಇರುತ್ತಾರೆ. ಈಗ ಸಂಜೆ ಐದೂವರೆಗೆ ನಮ್ಮ ಅಮ್ಮ ಅಲ್ಲಿ ಕೂತು, ಎರಡು ಮಾತಾಡಿ, ದೇವಸ್ಥಾನಕ್ಕೆ ಹೋಗುತ್ತಾರೆ. ಬೆಂಚಿನಲ್ಲಿ ಜಾಗ ಸಿಗುವುದಿಲ್ಲ ಅನ್ನುವುದು ಅವರ ಹೊಸ ದೂರು.